ಮೊದಲ ಫೆಡರೇಷನ್ ಕಪ್ ಗೆದ್ದ ಕಾರ್ಖಾನೆ ತಂಡ: ಐಟಿಐ, ಎಚ್‌ಎಎಲ್ ಮತ್ತು ಬೆಂಗಳೂರಿನ ಕೆಳದರ್ಜೆಯ ಫುಟ್‌ಬಾಲ್

ಭಾರತದ ಕ್ಲಬ್ ಫುಟ್‌ಬಾಲ್‌ನಲ್ಲಿ ಫೆಡರೇಷನ್ ಕಪ್ ಎಂಬ ಪಂದ್ಯಾವಳಿ 1977ರಲ್ಲಿ ಶುರುವಾಗಿ 2017ರಲ್ಲಿ ನಿಂತುಹೋಯಿತು. ಈ 40 ವರ್ಷಗಳ ಮೊದಲ ಕಪ್ಪೂ ಕೊನೆಯ ಕಪ್ಪೂ ಬಂದದ್ದು ಬೆಂಗಳೂರಿಗೆ. ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ಕೋಲ್ಕತ್ತದ ಮೋಹನ್ ಬಾಗಾನ್. ಕೊನೆಯದನ್ನು ಗೆದ್ದ ಬೆಂಗಳೂರು ಎಫ್‌ಸಿ ಹೆಸರು ಹೊಸೂರಿನಿಂದ ಸೇಲಂವರೆಗೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಮೊದಲನೆಯದನ್ನು ಗೆದ್ದ ತಂಡದ ಹೆಸರು ಹೇಳಿ ಎಂದರೆ ಹಿರಿಯರೂ ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಅದು ದೂರವಾಣಿನಗರದ ಐಟಿಐ. ಟೆಲಿಫೋನ್ ತಯಾರಿಸುತ್ತಿದ್ದ ಕಾರ್ಖಾನೆಯ ನೌಕರರ ತಂಡ.

ಆ ತಂಡ ಎಲ್ಲಿಂದ ಬಂತು, ಅಂಥ ತಂಡಗಳು ಏಕೆ ಮೇಲಿನ ದರ್ಜೆಯಲ್ಲಿ ನಿಲ್ಲಲಿಲ್ಲ, ಈಗ ಬೆಂಗಳೂರಿನಲ್ಲಿ ಎರಡನೇ ಮೂರನೇ ದರ್ಜೆಯಲ್ಲಿ ಆಡುವ ಕ್ಲಬ್‌ಗಳ ಸ್ಥಿತಿ ಏನು ಎಂಬುದನ್ನು ಈ ಬರಹದಲ್ಲಿ ಒಟ್ಟು ಮಾಡಲಾಗಿದೆ. ನಡುವೆ ಅಮೆರಿಕದ ಒಂದು ಕ್ಲಬ್ಬಿನ ಕತೆಯೂ ಬರುತ್ತದೆ. ಅದಕ್ಕೆ ಕಾರಣವಿದೆ.

ದಂಡಿನ ಆಟ

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡು ಪ್ರದೇಶದ ಬ್ರಿಟಿಷ್ ಪಡೆಗಳ ಜೊತೆ. ಆಟ ಬೇಗ ಬೇಲಿ ದಾಟಿತು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಹುಡುಗರು ಬರಿಗಾಲಲ್ಲಿ ಆಡಿ ಕಲಿತರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು, ಮೈದಾನದಲ್ಲಿ ಮೂರೂ ಸೇರಿದ ಭಾಷೆ. ನಮ್ಮ ಗಡಿ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಇಂದಿಗೂ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ಪೆಲೆಯ ಪ್ರತಿಮೆ ನಿಂತಿದೆ.

ಆ ಕಾಲದ ದೊಡ್ಡ ಹೆಸರು ಬೆಂಗಳೂರು ಮುಸ್ಲಿಮ್ಸ್. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ಸೈನಿಕ ತಂಡಗಳ ಸೊತ್ತಾಗಿತ್ತು. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೆ ಹೋಗಿ ಸೋತಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಫೈನಲ್‌ನಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1-0ರಿಂದ ಸೋಲಿಸಿ, ಆ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷ ಆರ್ಗೈಲ್ ಆಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಬ್ರಿಟಿಷ್ ಸೈನಿಕ ತಂಡವನ್ನು 3-2ರಿಂದ ಸೋಲಿಸಿ ಕಪ್ಪನ್ನು ಉಳಿಸಿಕೊಂಡಿತು. 1948ರಲ್ಲಿ ಮೋಹನ್ ಬಾಗಾನ್ ವಿರುದ್ಧ ಮೂರನೇ ಬಾರಿ ಗೆದ್ದಿತು. 1937ರಲ್ಲಿ ಅವರು ಸೋಲಿಸಿದ ಮೊಹಮ್ಮಡನ್ ಸ್ಪೋರ್ಟಿಂಗ್ ಅಂದಿನ ಕೋಲ್ಕತ್ತ ಲೀಗ್ ಚಾಂಪಿಯನ್. 1934ರಿಂದ 38ರವರೆಗೆ ಸತತ ಐದು ವರ್ಷ ಲೀಗ್ ಗೆದ್ದ ಆ ತಂಡದ ಬಲದಲ್ಲಿ ಬೆಂಗಳೂರಿನಿಂದ ಹೋದ ಆಟಗಾರರದ್ದೂ ಪಾಲಿತ್ತು.

ಅಂದರೆ ರೋಗ ಅಂದೇ ಶುರುವಾಗಿತ್ತು. ಆಟಗಾರ ಇಲ್ಲಿ ಬೆಳೆಯುತ್ತಾನೆ, ಹಣ ಕೋಲ್ಕತ್ತದಲ್ಲಿದೆ, ರೈಲು ಹತ್ತುತ್ತಾನೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಾಗ ಆ ಒಂದು ಗೋಲು ಹೊಡೆದವರು ಮೈಸೂರು ರಾಜ್ಯದ ಆಟಗಾರ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಅದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮರುವರ್ಷ ಈಸ್ಟ್ ಬೆಂಗಾಲ್ ಸೇರಿದರು. ಆ ಕ್ಲಬ್ಬಿನ ಪಂಚಪಾಂಡವರೆಂದು ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಅವರೂ ಒಬ್ಬರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಆಡಿದ ಅವರು ಬೆಂಗಳೂರಿನಲ್ಲಿ 2017ರಲ್ಲಿ ತೀರಿಕೊಂಡರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ ಬೆಂಗಳೂರಿನವರು, ಹೆಸರು ಮಾಡಿದ್ದು ಮೋಹನ್ ಬಾಗಾನ್‌ನಲ್ಲಿ. 1990ರ ದಶಕದಲ್ಲಿ ಭಾರತ ತಂಡದ ನಾಯಕರಾಗಿದ್ದ ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್ ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿ, ಈಸ್ಟ್ ಬೆಂಗಾಲ್, ಪಂಜಾಬಿನ ಜೆಸಿಟಿ, ಎಫ್‌ಸಿ ಕೊಚ್ಚಿನ್ ಎಂದು ದೇಶವೆಲ್ಲ ಆಡಿದರು. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 49.

ಹೀಗೆ ಹೊರಟುಹೋಗುವವರ ನಡುವೆ ಕೆಲವರನ್ನಾದರೂ ಊರಲ್ಲಿ ಉಳಿಸಿದ್ದು ಕಾರ್ಖಾನೆಗಳು.

ಸರ್ಕಾರಿ ಕೆಲಸ, ಸಂಜೆ ಮೈದಾನ

ಎಚ್‌ಎಎಲ್ 1940ರಲ್ಲಿ ಶುರುವಾಯಿತು. ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ, ಬಿಇಎಂಎಲ್ 1964ರಲ್ಲಿ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ವಲಯದ ಕಾರ್ಖಾನೆ ಎಂದು ಐಟಿಐಯನ್ನು ಕರೆಯುತ್ತಾರೆ. ಹಳೇ ಮದ್ರಾಸ್ ರಸ್ತೆಯಲ್ಲಿ ಕೃಷ್ಣರಾಜಪುರದ ಬಳಿ ಅದರ ಕಾಲೊನಿ ಬೆಳೆದು ಅಂಚೆಯ ಹೆಸರೇ ದೂರವಾಣಿನಗರವಾಯಿತು. ಮನೆ, ಶಾಲೆ, ಆಸ್ಪತ್ರೆ, ಕ್ಯಾಂಟೀನು, ಆಟದ ಮೈದಾನ ಎಲ್ಲವೂ ಕಾರ್ಖಾನೆಯದ್ದೇ. ಸೇಲಂ ಉಕ್ಕು ಕಾರ್ಖಾನೆಯ ಕಾಲೊನಿ ಕಂಡ ನಮ್ಮ ಸದಸ್ಯರಿಗೆ ಇದರ ಚಿತ್ರ ಸುಲಭವಾಗಿ ಕಣ್ಣಿಗೆ ಬರುತ್ತದೆ.

ಈ ಕಾರ್ಖಾನೆಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡವು. ಆಟಗಾರನಿಗೆ ತಿಂಗಳ ಸಂಬಳ, ಭವಿಷ್ಯನಿಧಿ, ಮನೆಯವರಿಗೆ ಆಸ್ಪತ್ರೆ. ಕಾಲು ಮುರಿದರೂ ಕೆಲಸ ಉಳಿಯುತ್ತದೆ. 35 ದಾಟಿದ ಮೇಲೂ ನಿವೃತ್ತಿಯವರೆಗೆ ಕುರ್ಚಿ ಇದೆ. ಕಾಗದದ ಮೇಲೆ ಇವರು ಹವ್ಯಾಸಿಗಳು. ಬೆಳಿಗ್ಗೆ ಅಭ್ಯಾಸ, ಪಂದ್ಯದ ದಿನ ರಜೆ, ಊರೂರಿಗೆ ಪ್ರಯಾಣ ಎಂದು ನೋಡಿದರೆ ವೃತ್ತಿಪರರೇ. ಇಂದಿನ ಕ್ಲಬ್ ಒಪ್ಪಂದಗಳ ಎದುರು ಇಟ್ಟು ನೋಡಿದರೆ, ಬಡ ಕುಟುಂಬದ ಹುಡುಗನಿಗೆ ಆ ಹಳೆಯ ವ್ಯವಸ್ಥೆಯೇ ಹೆಚ್ಚು ಭದ್ರವಾಗಿತ್ತು ಎಂಬುದು ಈ ಲೇಖಕನ ಅಭಿಪ್ರಾಯ. ಹತ್ತು ತಿಂಗಳ ಒಪ್ಪಂದ ಮುಗಿದ ಮೇಲೆ ಹನ್ನೊಂದನೇ ತಿಂಗಳು ಏನು ಎಂಬ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ.

ಫಲವೂ ಕಂಡಿತು. ಮೈಸೂರು ರಾಜ್ಯ 1946-47 ಮತ್ತು 1952-53ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. 1967-68 ಮತ್ತು 1968-69ರಲ್ಲಿ ಸತತ ಎರಡು ಬಾರಿ ಬಂಗಾಳವನ್ನು ಸೋಲಿಸಿ ಮತ್ತೆ ಗೆದ್ದಿತು. ಆ ತಲೆಮಾರಿನ ಬೆನ್ನ ಹಿಂದೆಯೇ ಐಟಿಐ ತಂಡ ಬಂತು.

1977ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ದೇಶದ ಕ್ಲಬ್‌ಗಳನ್ನೆಲ್ಲ ಒಂದೆಡೆ ಸೇರಿಸಿ ಆಡಿಸಲು ಫೆಡರೇಷನ್ ಕಪ್ ಆರಂಭಿಸಿತು. ಮೊದಲ ಪಂದ್ಯಾವಳಿ ನಡೆದದ್ದು ಕೇರಳದ ಎರ್ನಾಕುಲಂನಲ್ಲಿ. ಫೈನಲ್‌ನಲ್ಲಿ ಐಟಿಐ ಎದುರಿಗೆ ಮೋಹನ್ ಬಾಗಾನ್. ಫಲಿತಾಂಶ 1-0, ಗೆದ್ದದ್ದು ಐಟಿಐ.

ಇದರ ತೂಕ ತಿಳಿಯಬೇಕಾದರೆ ಅದೇ ವರ್ಷದ ಇನ್ನೊಂದು ಪಂದ್ಯವನ್ನು ನೆನೆಯಬೇಕು. 1977ರ ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ಕಾಸ್ಮೋಸ್ ತಂಡ ಪೆಲೆಯನ್ನು ಕರೆದುಕೊಂಡು ಬಂದು ಮೋಹನ್ ಬಾಗಾನ್ ಜೊತೆ ಆಡಿತು. 2-2 ಡ್ರಾ. ಕೋಲ್ಕತ್ತ ಇವತ್ತಿಗೂ ಆ ಸಂಜೆಯನ್ನು ಹಬ್ಬದ ಹಾಗೆ ನೆನೆಯುತ್ತದೆ. ಪೆಲೆಯ ತಂಡವನ್ನು ತಡೆದು ನಿಲ್ಲಿಸಿದ ಮೋಹನ್ ಬಾಗಾನ್ ಅದೇ ವರ್ಷ ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಗೆ ಸೋತಿತ್ತು ಎಂಬುದನ್ನು ನಾವಾದರೂ ನೆನಪಿಡಬೇಕಲ್ಲವೆ?

ಲೀಗ್ ಬಂತು, ಕಾರ್ಖಾನೆ ಸೊರಗಿತು

1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಯಿತು. ಕಪ್ ಪಂದ್ಯಾವಳಿ ಒಂದೆರಡು ವಾರದ ಮಾತು. ಲೀಗ್ ಹಾಗಲ್ಲ, ತಿಂಗಳುಗಟ್ಟಲೆ ಗೋವಾ, ಕೋಲ್ಕತ್ತ, ಪಂಜಾಬ್ ಸುತ್ತಬೇಕು, ವಿದೇಶಿ ಆಟಗಾರರನ್ನು ತರಬೇಕು, ಎಲ್ಲಕ್ಕೂ ದುಡ್ಡು. 1990ರ ದಶಕದ ಕೊನೆಯಲ್ಲಿ ಐಟಿಐ ಈ ಲೀಗ್‌ನ ಮೊದಲ ದರ್ಜೆಯಲ್ಲಿ ಆಡಿತು, 2000ದ ಆಸುಪಾಸಿನಲ್ಲಿ ಎಚ್‌ಎಎಲ್ ಆಡಿತು. ಎರಡೂ ನಿಲ್ಲಲಿಲ್ಲ.

ಐಟಿಐ ವಿಷಯದಲ್ಲಿ ಕಾರಣ ಮೈದಾನದಲ್ಲಿರಲಿಲ್ಲ. 1991ರ ನಂತರ ದೂರಸಂಪರ್ಕ ಉಪಕರಣಗಳ ಮಾರುಕಟ್ಟೆ ಖಾಸಗಿಯವರಿಗೂ ವಿದೇಶಿ ಕಂಪನಿಗಳಿಗೂ ತೆರೆಯಿತು. ಮೊಬೈಲ್ ಬಂತು. ಮನೆಮನೆಯಲ್ಲಿ ಮೂಲೆ ಮೇಜಿನ ಮೇಲೆ ಕೂತಿದ್ದ ಡಯಲ್ ಫೋನ್ ಅಟ್ಟ ಸೇರಿತು. ಕಾರ್ಖಾನೆ ನಷ್ಟಕ್ಕೆ ಇಳಿಯಿತು, ಸ್ವಯಂ ನಿವೃತ್ತಿ ಯೋಜನೆಗಳು ಬಂದವು. ಸಂಬಳ ಕೊಡಲು ತಿಣುಕುವ ಆಡಳಿತ ಕ್ರೀಡಾ ಕೋಟಾದಲ್ಲಿ ಹೊಸ ಹುಡುಗರನ್ನು ತೆಗೆದುಕೊಳ್ಳುವುದು ಹೇಗೆ? ತಂಡಕ್ಕೆ ವಯಸ್ಸಾಯಿತು.

ಎಚ್‌ಎಎಲ್‌ಗೆ ವ್ಯಾಪಾರದ ತೊಂದರೆ ಇರಲಿಲ್ಲ, ಹಾಗಾಗಿ ಅದರ ಕತೆ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. 2007ರಲ್ಲಿ ರಾಷ್ಟ್ರೀಯ ಲೀಗ್ ಐ-ಲೀಗ್ ಎಂದಾಯಿತು. ಎಚ್‌ಎಎಲ್ 2010ರಲ್ಲಿ ಎರಡನೇ ದರ್ಜೆಯಿಂದ ಆಡಿ ಗೆದ್ದು ಮೇಲೇರಿತು. ಎದುರಾಳಿಗಳ ಮುಂಚೂಣಿಯಲ್ಲಿ ನೈಜೀರಿಯಾ, ಬ್ರೆಜಿಲ್ ಆಟಗಾರರಿದ್ದರೆ ಎಚ್‌ಎಎಲ್‌ನಲ್ಲಿ ಇದ್ದವರು ಭಾರತೀಯರೇ, ಬಹುಪಾಲು ಊರಿನ ಹುಡುಗರು. ಮುನ್ಪಡೆಯಲ್ಲಿ ಆರ್.ಸಿ. ಪ್ರಕಾಶ್, ಝೇವಿಯರ್ ವಿಜಯಕುಮಾರ್. ಮೊದಲ ವರ್ಷ ಹೇಗೋ ಉಳಿದುಕೊಂಡಿತು. 2011-12ರಲ್ಲಿ ಕೊನೆಯ ಸ್ಥಾನಕ್ಕೆ ಇಳಿದು ಕೆಳದರ್ಜೆಗೆ ಬಿತ್ತು. ಆ ಎರಡು ವರ್ಷ ಅಶೋಕನಗರದ ಫುಟ್‌ಬಾಲ್ ಮೈದಾನದ ಕಲ್ಲು ಮೆಟ್ಟಿಲ ಮೇಲೆ ಕೂತು ನೋಡಿದವರಿಗೆ ಆ ತಂಡದ ಬಗ್ಗೆ ಇವತ್ತಿಗೂ ಒಂದು ಮಮತೆ ಇದೆ.

ಎಚ್‌ಎಎಲ್ ಬಿದ್ದ ಮರುವರ್ಷ, 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಬೆಂಗಳೂರು ಎಫ್‌ಸಿ ಸ್ಥಾಪಿಸಿತು. ಹೊಸ ಕ್ಲಬ್ ಎರಡನೇ ದರ್ಜೆಯಲ್ಲಿ ಆಡಲಿಲ್ಲ; ಬಿಡ್ ಮೂಲಕ ನೇರವಾಗಿ ಐ-ಲೀಗ್‌ಗೆ ಬಂತು. ಸೆಪ್ಟೆಂಬರ್ 22ರಂದು ಅದೇ ಅಶೋಕನಗರ ಮೈದಾನದಲ್ಲಿ ಮೋಹನ್ ಬಾಗಾನ್ ಜೊತೆ ಮೊದಲ ಪಂದ್ಯ, 1-1. ಆ್ಯಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೆಟ್ರಿ ನಾಯಕ. ಮೊದಲ ವರ್ಷವೇ ಲೀಗ್ ಗೆದ್ದಿತು. ಆಮೇಲಿನ ಸಾಧನೆ ಎಲ್ಲರಿಗೂ ತಿಳಿದದ್ದೇ: 2015-16ರಲ್ಲಿ ಮತ್ತೆ ಲೀಗ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್, 2017ರ ಮೇನಲ್ಲಿ ಕಟಕ್‌ನಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲುಗಳಿಂದ ಆ ಕೊನೆಯ ಫೆಡರೇಷನ್ ಕಪ್, 2018-19ರಲ್ಲಿ ಐಎಸ್‌ಎಲ್.

ಬೆಂಗಳೂರು ಎಫ್‌ಸಿ ಮಾಡಿದ್ದರಲ್ಲಿ ತಪ್ಪೇನಿಲ್ಲ. ಕಂಠೀರವ ಮೈದಾನಕ್ಕೆ ಜನರನ್ನು ತಂದದ್ದು, ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುವ ಕ್ಲಬ್ ಹೇಗಿರುತ್ತದೆ ಎಂದು ತೋರಿಸಿದ್ದು ಅದೇ. ಆದರೆ ಏಣಿ ಹತ್ತಿದ ಕ್ಲಬ್ ಬಿದ್ದು, ಏಣಿ ಇಲ್ಲದೆ ಬಂದ ಕ್ಲಬ್ ನಿಂತದ್ದನ್ನು ಊರಿನ ಉಳಿದ ಕ್ಲಬ್‌ಗಳು ನೋಡಿದವು.

ರೋಚೆಸ್ಟರ್ ಎಂಬ ಊರು

ಏಣಿಯೇ ಇಲ್ಲದ ದೇಶ ಅಮೆರಿಕ. ಅಲ್ಲಿ ಮೇಲಿನ ದರ್ಜೆಯ ಮೇಜರ್ ಲೀಗ್ ಸಾಕರ್ ಸೇರಲು ಎರಡನೇ ದರ್ಜೆ ಗೆದ್ದರೆ ಸಾಲದು, ಪ್ರವೇಶ ಶುಲ್ಕ ಕಟ್ಟಬೇಕು. 2007ರಲ್ಲಿ ಆಡಲು ಬಂದ ಟೊರಾಂಟೊ ಕಟ್ಟಿದ್ದು 1 ಕೋಟಿ ಡಾಲರ್. 2023ರಲ್ಲಿ ಸ್ಯಾನ್ ಡಿಯಾಗೊಗೆ ಹೇಳಿದ ಬೆಲೆ 50 ಕೋಟಿ ಡಾಲರ್.

ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಕೊಡಾಕ್ ಕಂಪನಿಯ ಊರು. ಐಟಿಐಗೆ ಮೊಬೈಲ್ ಬಂದ ಹಾಗೆ ಕೊಡಾಕ್‌ಗೆ ಡಿಜಿಟಲ್ ಕ್ಯಾಮೆರಾ ಬಂತು. ಆ ಊರಲ್ಲಿ 1996ರಲ್ಲಿ ರೋಚೆಸ್ಟರ್ ರೈನೋಸ್ ಎಂಬ ಎರಡನೇ ದರ್ಜೆಯ ಕ್ಲಬ್ ಆಟ ಶುರು ಮಾಡಿತು. ಬೇಸ್‌ಬಾಲ್ ಮೈದಾನದಲ್ಲಿ ಆಡುತ್ತಿದ್ದರೂ ಪಂದ್ಯಕ್ಕೆ ಹತ್ತು ಸಾವಿರದ ಮೇಲೆ ಜನ ಸೇರುತ್ತಿದ್ದರು. 1998, 2000, 2001ರಲ್ಲಿ ತನ್ನ ದರ್ಜೆಯ ಲೀಗ್ ಗೆದ್ದಿತು. 1999ರ ಯುಎಸ್ ಓಪನ್ ಕಪ್‌ನಲ್ಲಿ ಮೇಲಿನ ದರ್ಜೆಯ ನಾಲ್ಕು ತಂಡಗಳನ್ನು ಒಂದರ ಹಿಂದೆ ಒಂದು ಸೋಲಿಸಿತು: ಷಿಕಾಗೊ, ಡಲ್ಲಾಸ್, ಕೊಲಂಬಸ್, ಫೈನಲ್‌ನಲ್ಲಿ 2-0ರಿಂದ ಕೊಲೊರಾಡೊ. ಮೇಜರ್ ಲೀಗ್ ಬಂದ ಮೇಲೆ ಆ ಲೀಗ್‌ನ ಹೊರಗಿನ ತಂಡವೊಂದು ಈ ಕಪ್ ಗೆದ್ದದ್ದು ಅದೊಂದೇ ಸಲ.

ಇಷ್ಟಾದರೂ ಮೇಲಕ್ಕೆ ಹೋಗಲಿಲ್ಲ. ಮೇಜರ್ ಲೀಗ್ ಕರೆದೀತು ಎಂಬ ಆಸೆಯಲ್ಲಿ ಫುಟ್‌ಬಾಲ್‌ಗೆಂದೇ ಹೊಸ ಮೈದಾನ ಕಟ್ಟಿತು, 2006ರಲ್ಲಿ ಅದು ತೆರೆಯಿತು. ಕರೆ ಬರಲಿಲ್ಲ, ಸಾಲ ಉಳಿಯಿತು. 2008ರಲ್ಲಿ ಮಾಲೀಕರು ಬದಲಾದರು. 2015ರಲ್ಲಿ ಮತ್ತೊಮ್ಮೆ ಲೀಗ್ ಗೆದ್ದಿತು, 2017ರ ಬಳಿಕ ಆಟವನ್ನೇ ನಿಲ್ಲಿಸಿತು. 2021ರಲ್ಲಿ ಇಂಗ್ಲೆಂಡಿನ ಜೇಮಿ ವಾರ್ಡಿ ಸಹ ಮಾಲೀಕರಾಗಿ ಬಂದರು, ಕ್ಲಬ್ಬಿಗೆ ಹೊಸ ಹೆಸರಿಟ್ಟರು; ಮೂರನೇ ದರ್ಜೆಯಲ್ಲಿ ಒಂದು ವರ್ಷ ಆಡಿ 2023ರ ಮಾರ್ಚ್‌ನಲ್ಲಿ ಕ್ಲಬ್ ಮುಚ್ಚಿತು. ಅಂಥ ಕ್ಲಬ್‌ಗಳ ಒಕ್ಕೂಟವಾದ ಯುಎಸ್‌ಎಲ್ 2025ರ ಮಾರ್ಚ್‌ನಲ್ಲಿ ತನ್ನ ದರ್ಜೆಗಳ ನಡುವೆ ಬಡ್ತಿ-ಹಿಂಬಡ್ತಿ ತರಲು ತೀರ್ಮಾನಿಸಿದೆ. ರೋಚೆಸ್ಟರ್‌ಗೆ ಅದು ತಡವಾಯಿತು.

ಇಷ್ಟು ದೂರ ಏಕೆ ಹೋಗಬೇಕು, ಕೊಯಮತ್ತೂರು ಸೇಲಂಗೆ ಪಕ್ಕದಲ್ಲೇ ಇದೆ. ಅಲ್ಲಿನ ನೆಹರು ಮೈದಾನವನ್ನು ಮನೆ ಮಾಡಿಕೊಂಡ ಚೆನ್ನೈ ಸಿಟಿ ಎಫ್‌ಸಿ 2019ರ ಮಾರ್ಚ್ 9ರಂದು ಮಿನರ್ವ ಪಂಜಾಬನ್ನು 3-1ರಿಂದ ಸೋಲಿಸಿ ಐ-ಲೀಗ್ ಚಾಂಪಿಯನ್ ಆಯಿತು. ಸ್ಪೇನಿನ ಪೆಡ್ರೊ ಮಾಂಜಿ ಆ ಋತುವಿನಲ್ಲಿ 21 ಗೋಲು ಹೊಡೆದಿದ್ದರು. ಸ್ವಿಟ್ಜರ್ಲೆಂಡಿನ ಎಫ್‌ಸಿ ಬಾಸೆಲ್ ಕ್ಲಬ್ಬಿನ ಶೇ 26ರಷ್ಟು ಪಾಲು ಕೊಂಡಿತ್ತು. ನಮ್ಮ ಕಡೆಯ ಎಷ್ಟೋ ಹುಡುಗರು ಮೊದಲ ಬಾರಿಗೆ ದೊಡ್ಡ ಪಂದ್ಯ ನೋಡಿದ್ದು ಅಲ್ಲಿಯೇ. ಆ ಋತುವಿನ ಬಳಿಕ ಐಎಸ್‌ಎಲ್ ದೇಶದ ಮೇಲಿನ ದರ್ಜೆಯಾಯಿತು, ಐ-ಲೀಗ್ ಗೆದ್ದವರಿಗೆ ಅಲ್ಲಿಗೆ ದಾರಿ ಇರಲಿಲ್ಲ. 2020-21ರ ಋತುವಿನ ಬಳಿಕ ಚೆನ್ನೈ ಸಿಟಿ ರಾಷ್ಟ್ರೀಯ ಲೀಗ್‌ನಲ್ಲಿ ಕಾಣಲಿಲ್ಲ. ಐ-ಲೀಗ್ ಚಾಂಪಿಯನ್ನರಿಗೆ ಬಡ್ತಿ ಸಿಕ್ಕಿದ್ದು 2023ರಲ್ಲಿ, ಪಂಜಾಬಿನ ಕ್ಲಬ್ಬಿಗೆ. ಮರುವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ.

ಈಗಿನ ಬೆಂಗಳೂರು

ಕಾರ್ಖಾನೆಗಳ ಜಾಗಕ್ಕೆ ಖಾಸಗಿ ಕ್ಲಬ್‌ಗಳು ಬಂದಿವೆ. ರಿಯಲ್ ಎಸ್ಟೇಟ್ ಕಂಪನಿಯೊಂದು 2015ರಲ್ಲಿ ಕಟ್ಟಿದ ಓಝೋನ್ ಎಫ್‌ಸಿ ಕೆಲವು ವರ್ಷ ಎರಡನೇ ದರ್ಜೆಯಲ್ಲಿ ಮೇಲಿನ ಸ್ಥಾನಗಳಿಗೆ ಸೆಣಸಿತು, ಬಡ್ತಿ ಸಿಗಲಿಲ್ಲ. 2018ರ ಮೇ 30ರಂದು ಎರಡನೇ ದರ್ಜೆಯ ನಿರ್ಣಾಯಕ ಪಂದ್ಯ ನಡೆದದ್ದು ಬೆಂಗಳೂರಿನಲ್ಲೇ. ಹಿಂದುಸ್ತಾನ್ ಎಫ್‌ಸಿಯನ್ನು 3-2ರಿಂದ ಸೋಲಿಸಿ ಮೇಲೇರಿದ್ದು ಮಾತ್ರ ಶ್ರೀನಗರದಿಂದ ಬಂದ ರಿಯಲ್ ಕಾಶ್ಮೀರ್. ಎಫ್‌ಸಿ ಬೆಂಗಳೂರು ಯುನೈಟೆಡ್ 2021ರ ಡುರಾಂಡ್ ಕಪ್ ಸೆಮಿಫೈನಲ್ ತಲುಪಿ ಹೆಚ್ಚುವರಿ ಸಮಯದಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಸೋತಿತು.

ಏಣಿ ಹತ್ತಿದ್ದು ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. 2023ರಲ್ಲಿ ಹೊಸದಾಗಿ ಶುರುವಾದ ಐ-ಲೀಗ್ 3ರಿಂದ ಐ-ಲೀಗ್ 2ಕ್ಕೆ, ಅಲ್ಲಿ 2023-24ರ ಚಾಂಪಿಯನ್ ಆಗಿ ಐ-ಲೀಗ್‌ಗೆ. ಎಚ್‌ಎಎಲ್ ನಂತರ ಆಡಿ ಗೆದ್ದು ಐ-ಲೀಗ್ ತಲುಪಿದ ಬೆಂಗಳೂರಿನ ತಂಡ ಇದೇ. ಎಚ್‌ಎಎಲ್‌ನಂತೆ ಎರಡು ವರ್ಷವೂ ಅಲ್ಲಿ ನಿಲ್ಲಲಾಗಲಿಲ್ಲ; 2024-25ರಲ್ಲಿ ಪಟ್ಟಿಯ ತಳದ ಎರಡು ಸ್ಥಾನಗಳಲ್ಲಿ ಒಂದಕ್ಕೆ ಕುಸಿಯಿತು.

ಇನ್ನು ರಾಜ್ಯ ತಂಡ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್. ಕೋಚ್ ರವಿಬಾಬು ರಾಜು. ದೊಡ್ಡ ಐಎಸ್‌ಎಲ್ ಒಪ್ಪಂದ ಇಲ್ಲದೆ ಬೆಂಗಳೂರು ಸೂಪರ್ ಡಿವಿಷನ್‌ನಲ್ಲಿ ಬೆವರು ಸುರಿಸುವವರಿಗೆ ದೇಶ ಗುರುತಿಸುವ ವೇದಿಕೆ ಈ ಟ್ರೋಫಿಯೇ. ಹೆಸರುಗಳನ್ನು ಗಮನಿಸಿ: ಹಿಂದೆ ಇಲ್ಲಿಂದ ಕೋಲ್ಕತ್ತಕ್ಕೆ ರೈಲು ಹತ್ತುತ್ತಿದ್ದರು, ಈಗ ಬೇರೆ ರಾಜ್ಯಗಳ ಹುಡುಗರು ಆಡಲು ಬೆಂಗಳೂರಿಗೆ ಬರುತ್ತಿದ್ದಾರೆ. ಹೊಸೂರಿನ ಹುಡುಗನಿಗೆ ಅದು 40 ಕಿಲೋಮೀಟರ್.

ನೋಡಬೇಕೆನ್ನುವವರಿಗೆ: ಸೂಪರ್ ಡಿವಿಷನ್ ಪಂದ್ಯಗಳಿಗೆ ಹೆಸರಾದ ಬೆಂಗಳೂರು ಫುಟ್‌ಬಾಲ್ ಮೈದಾನ ಅಶೋಕನಗರದಲ್ಲಿ, ಗರುಡಾ ಮಾಲ್ ಹತ್ತಿರ ಇದೆ. ಹೊಸೂರು, ಧರ್ಮಪುರಿ ಕಡೆಯಿಂದ ಬಸ್ಸಿನಲ್ಲಿ ಬಂದು ಶಾಂತಿನಗರದಲ್ಲಿ ಇಳಿದರೆ ಅಲ್ಲಿಂದ ಆಟೊದಲ್ಲಿ ಸ್ವಲ್ಪವೇ ದೂರ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಪ್ರಕಟಣೆ ನೋಡಿಕೊಂಡೇ ಹೊರಡಿ.